ನ್ಯೂ ಮೆಕ್ಸಿಕೋದ ಅಡುಗೆ ಪೆಟ್ಟಿಗೆ: ಕಾರ್ಡಿನಿಂದ ಒಲೆಯವರೆಗೆ

ಕೆಲಸಕ್ಕೆ ಎತ್ತಿಕೊಂಡಿದ್ದು ಒಂದು ತಗಡಿನ ಪೆಟ್ಟಿಗೆ. ಒಳಗೆ 3×5 ಇಂಚಿನ ಕಾರ್ಡುಗಳು, ಪೇಪರ್‌ನಿಂದ ಕತ್ತರಿಸಿಟ್ಟ ಚೂರುಗಳು, ಹಿಟ್ಟಿನ ಚೀಲದಿಂದ ಹರಿದುಕೊಂಡ ಒಂದೆರಡು ತುಂಡು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆ ಸೀಮೆಯ ಮನೆಯಡುಗೆ. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದದ್ದು. ಕಾರ್ಡುಗಳು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಬೇಕು. ಜೊತೆಗೆ ಮುಖ್ಯವಾದ ನಾಲ್ಕೈದು ಅಡುಗೆಗೆ ತೂಕ, ಹೊತ್ತು, ಹದ ಎಲ್ಲ ಹಾಕಿ, ಯಾರು ಮಾಡಿದರೂ ಬರುವ ಹಾಗೆ ಮತ್ತೆ ಬರೆಯಬೇಕು.

ಇಂಥ ಕಾರ್ಡು ಓದುವಾಗ ಒಂದು ವಿಷಯ ಮರೆಯಬಾರದು: ಬರೆದವರಿಗೆ ಆ ಅಡುಗೆ ಕೈಗೆ ಬಂದಿತ್ತು. ಮರೆತುಹೋಗಬಹುದಾದದ್ದನ್ನಷ್ಟೇ ಬರೆದುಕೊಂಡರು. ಯಾವ ಮೆಣಸಿನಕಾಯಿ, ಎಷ್ಟು ಹುರಿಯಬೇಕು, ಕಣಕ ಎಷ್ಟು ಮೆತ್ತಗಿರಬೇಕು, ಇವನ್ನೆಲ್ಲ ದಿನಾ ಮಾಡುವವರು ಯಾಕೆ ಬರೆದಾರು? ನಮ್ಮ ಸಾರಿನಪುಡಿ ಚೀಟಿಯಲ್ಲಿ ‘ಹದವಾಗಿ ಹುರಿದು’ ಅಂತ ಇರುತ್ತದಲ್ಲ, ಹಾಗೆಯೇ. ರಿಪೇರಿ ಅಂದರೆ ಆ ಬರೆಯದ ಭಾಗವನ್ನು ಹುಡುಕಿ ತುಂಬುವುದು.

ಮೊದಲು ಕಾರ್ಡು, ಆಮೇಲೆ ಒಲೆ

ಒಂದು ಕಾರ್ಡನ್ನೂ ಹೊರತೆಗೆಯುವ ಮುಂಚೆ ಪೆಟ್ಟಿಗೆ ಹೇಗಿದೆಯೋ ಹಾಗೇ ಫೋಟೋ ತೆಗೆಯಬೇಕು. ಯಾವ ಕಾರ್ಡು ಯಾವುದರ ಹಿಂದಿತ್ತು ಅನ್ನುವುದೂ ಮಾಹಿತಿಯೇ. ‘ಚಿಲೆ’ (ಮೆಣಸಿನಕಾಯಿ, ಅದರ ಸಾಸಿಗೂ ಅದೇ ಹೆಸರು) ಅಂತಷ್ಟೇ ಬರೆದ ಕಾರ್ಡು ಪೊಸೋಲೆ ಅನ್ನುವ ಮೆಕ್ಕೆಜೋಳ, ಮಾಂಸದ ಸಾರಿನ ಕಾರ್ಡಿನ ಹಿಂದೆ ಇದ್ದರೆ ಅದು ಪೊಸೋಲೆಗೆ ಹಾಕುವ ಚಿಲೆ ಇರಬಹುದು. ಆಮೇಲೆ ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ತೆಗೆದು, ಮೆತ್ತನೆಯ ಒಣ ಬ್ರಷ್‌ನಲ್ಲಿ ಧೂಳು ಝಾಡಿಸುವುದು. ನೀರು ತಾಗಿಸಲೇಬಾರದು, ಇಂಕ್ ಪೆನ್ನಿನ ಬರಹ ಕಲಸಿಹೋಗುತ್ತದೆ. ಹಳದಿಯಾದ ಟೇಪನ್ನು ಎಳೆದು ಕಿತ್ತರೆ ಅಕ್ಷರವೂ ಅದರ ಜೊತೆ ಎದ್ದು ಬರುತ್ತದೆ, ಅದು ಇದ್ದಲ್ಲೇ ಇರಲಿ.

ಸ್ಕ್ಯಾನ್ 600 ಡಿಪಿಐ, ಬಣ್ಣದಲ್ಲಿ, ಎರಡೂ ಬದಿ. ಜಿಡ್ಡು ಕುಡಿದ ಕಾರ್ಡು ಎಣ್ಣೆ ಕಾಗದದಂತೆ ಪಾರದರ್ಶಕವಾಗಿ ಹಿಂಬದಿಯ ಬರಹವೂ ಮೂಡುತ್ತದೆ. ಬೆನ್ನಿಗೆ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿದರೆ ಅದು ಅಡಗುತ್ತದೆ. ಮಾಸಿ ಕಂದಾದ ಇಂಕು ಓದಲಾಗದಿದ್ದರೆ ಚಿತ್ರದ ನೀಲಿ ಚಾನೆಲ್ ಒಂದನ್ನೇ ತೆಗೆದು ನೋಡಬೇಕು. ಕಂದು ಬಣ್ಣ ಅಲ್ಲಿ ಕಪ್ಪಾಗಿ ಕಾಣುತ್ತದೆ. ‘ಬೇಕಿಂಗ್’ ಅನ್ನುವ ಪದದ ಪಕ್ಕ ಬರಿಗಣ್ಣಿಗೆ ಏನೂ ಇರಲಿಲ್ಲ, ನೀಲಿ ಚಾನೆಲ್‌ನಲ್ಲಿ ‘ಒಂದೂವರೆ’ ಎದ್ದು ಬಂತು.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿಗೆ ಜಿಡ್ಡು ಕರಗಿ ಹರಡುತ್ತದೆ, ಮತ್ತೆ ಬಿಚ್ಚಲು ಬರುವುದಿಲ್ಲ. ಪಿವಿಸಿ ಕವರ್ ಕೂಡ ಕಾಲಕ್ರಮೇಣ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಯೆಸ್ಟರ್ ಕವಚ ತಂದು ಒಂದೊಂದು ಕಾರ್ಡನ್ನೂ ಅದರಲ್ಲಿ ಇಡಬೇಕು. ಅಡುಗೆಮನೆಗೆ ಪ್ರಿಂಟ್ ಪ್ರತಿ ಮಾತ್ರ ಹೋಗಲಿ.

ಕಾರ್ಡಿನ ವಯಸ್ಸು ತಿಳಿದರೆ ಅಡುಗೆಗೂ ಉಪಯೋಗ. ಅಂಗಡಿಯ ಚೀಟಿಯ ಬೆನ್ನಿಗೆ ಬರೆದಿದ್ದು, ಅದರ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಆ ಚೀಟಿ 1963ಕ್ಕಿಂತ ಈಚಿನದು. ಅದು ಯಾಕೆ ಬೇಕು ಅನ್ನುವುದು ಮೆಣಸಿನಕಾಯಿಯ ಭಾಗದಲ್ಲಿ ಗೊತ್ತಾಗುತ್ತದೆ.

ಅಳತೆ

ಒಂದು ಕಪ್ಪು ಅಂದರೆ 237 ಮಿಲಿ. ನಮ್ಮ ಮನೆಯ ಲೋಟವೂ ಅಲ್ಲ, 200 ಮಿಲಿಯ ಅಳತೆಯೂ ಅಲ್ಲ. ದೊಡ್ಡಕ್ಷರದ ಟಿ ಇದ್ದರೆ ಟೇಬಲ್ ಚಮಚ, 15 ಮಿಲಿ. ಚಿಕ್ಕಕ್ಷರದ ಟಿ ಇದ್ದರೆ ಟೀ ಚಮಚ, 5 ಮಿಲಿ. ಕೈಬರಹದಲ್ಲಿ ಇವೆರಡು ಅದಲುಬದಲಾದರೆ ಉಪ್ಪು, ಬೇಕಿಂಗ್ ಪೌಡರ್ ಮೂರು ಪಟ್ಟು ಆಗಿಬಿಡುತ್ತದೆ. ಅನುಮಾನ ಬಂದರೆ ಅದೇ ಕೈಯ ಬೇರೆ ಕಾರ್ಡು ತೆಗೆದು ಅಕ್ಷರ ಹೋಲಿಸಬೇಕು.

‘ಮೊಟ್ಟೆ ಗಾತ್ರದ ಕೊಬ್ಬು’ ಅಂದರೆ ಕಾಲು ಕಪ್ಪು, 50 ಗ್ರಾಂ ಚಿಲ್ಲರೆ. ‘ಓಲಿಯೋ’ ಅಂದರೆ ಮಾರ್ಗರೀನ್. ಡಬ್ಬಿಗಳಿಗೆ ನಂಬರ್ ಇರುತ್ತದೆ: 303 ಅಂದರೆ ಸುಮಾರು 2 ಕಪ್ಪು, 2 ಅಂದರೆ ಎರಡೂವರೆ ಕಪ್ಪು, ಎರಡೂವರೆ ನಂಬರಿನದು ಮೂರೂವರೆ ಕಪ್ಪು. ‘ಮಾಡರೇಟ್ ಅವನ್’ ಅಂದರೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸು, ‘ಸ್ಲೋ’ ಅಂದರೆ 150ರಿಂದ 160, ‘ಹಾಟ್’ ಅಂದರೆ 205ರ ಮೇಲೆ. ಒಂದು ಕಾರ್ಡಿನ ಅಂಚಿನಲ್ಲಿ ‘ಕ್ರಿಸ್‌ಮಸ್’ ಅಂತ ಇದೆ. ಹಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ. ನ್ಯೂ ಮೆಕ್ಸಿಕೋದಲ್ಲಿ ಕೆಂಪು, ಹಸಿರು ಎರಡೂ ಚಿಲೆ ಸುರಿದು ಬಡಿಸುವುದಕ್ಕೆ ಆ ಹೆಸರು. ‘ಕೆಂಪೋ ಹಸಿರೋ’ ಅನ್ನುವುದು ಅಲ್ಲಿ 1996ರಿಂದ ಅಧಿಕೃತ ರಾಜ್ಯ ಪ್ರಶ್ನೆಯೇ ಆಗಿದೆ.

ಕೆಂಪು ಚಿಲೆ, ಮೂರು ಸುತ್ತು

ಕಾರ್ಡಿನಲ್ಲಿ ಇರುವುದು ಇಷ್ಟು: 12 ಕಾಯಿ ಅಥವಾ ಅರ್ಧ ಕಪ್ಪು ಪುಡಿ, ಬೆಳ್ಳುಳ್ಳಿ, 1 ದೊಡ್ಡ ಟಿ ಕೊಬ್ಬು, ಸ್ವಲ್ಪ ಹಿಟ್ಟು, ಓರೆಗಾನೋ, ಕುದಿಸು.

ಮೊದಲ ಸುತ್ತು ಪುಡಿಯಲ್ಲಿ ಕೆಟ್ಟಿತು. ಅಮೆರಿಕದ ಅಂಗಡಿಯಲ್ಲಿ ‘ಚಿಲಿ ಪೌಡರ್’ ಅಂತ ಮಾರುವುದು ಬರೀ ಮೆಣಸಿನಕಾಯಿ ಪುಡಿ ಅಲ್ಲ. ಅದರಲ್ಲಿ ಜೀರಿಗೆ, ಓರೆಗಾನೋ, ಬೆಳ್ಳುಳ್ಳಿ, ಉಪ್ಪು ಕಲಸಿರುತ್ತದೆ. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ವಿಲಿಯಂ ಗೆಬ್‌ಹಾರ್ಟ್ ಮಾರಾಟಕ್ಕೆ ತಂದ ಮಸಾಲೆಯ ಜಾತಿ. ಅರ್ಧ ಕಪ್ಪು ಹಾಕಿದರೆ ಜೀರಿಗೆಯೇ ಮೇಲಾಗಿ ಸಾಸು ಟೆಕ್ಸಸ್ ಪಾಲಾಗುತ್ತದೆ. ಬೆಂಗಳೂರಿನಲ್ಲಿ ಇದೇ ಕಾರ್ಡಿಗೆ ಖಾರದಪುಡಿ ಹಾಕಿದರೆ ಇನ್ನೂ ಕಷ್ಟ, ಬಾಯಿಗಿಡಲು ಆಗುವುದಿಲ್ಲ. ಕಾರ್ಡು ಹೇಳುವ ಪುಡಿ ಅಂದರೆ ನ್ಯೂ ಮೆಕ್ಸಿಕೋದ ಒಣ ಕೆಂಪು ಕಾಯಿಯ ಶುದ್ಧ ಪುಡಿ. ಚೀಲದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರಿರಬೇಕು.

ಎರಡನೇ ಸುತ್ತಿಗೆ ಕಾಯಿಯನ್ನೇ ತಂದದ್ದು. ಈಗ ‘12 ಕಾಯಿ’ ಎಷ್ಟು? ಕಾರ್ಡಿನ ವಯಸ್ಸು ಇಲ್ಲಿ ಬೇಕಾಗುತ್ತದೆ. ನ್ಯೂ ಮೆಕ್ಸಿಕೋದ ಹಳ್ಳಿಗಳ ನಾಟಿ ತಳಿಗಳ ಕಾಯಿ ಚಿಕ್ಕದು, ಒಂದರ ಹಾಗೆ ಒಂದಿಲ್ಲ. ಅಲ್ಲಿನ ಕೃಷಿ ಕಾಲೇಜಿನ ಫಬಿಯಾನ್ ಗಾರ್ಸಿಯಾ ಗಾತ್ರ, ಖಾರ ಒಂದೇ ಸಮ ಇರುವ ‘ನ್ಯೂ ಮೆಕ್ಸಿಕೋ ನಂ. 9’ ತಳಿ ಬೆಳೆಸಿದರು. 1975ರಲ್ಲಿ ರಾಯ್ ನಾಕಾಯಾಮಾ ಹೊರತಂದ ‘ಬಿಗ್ ಜಿಮ್’ ಕಾಯಿಯಂತೂ ಒಂದು ಅಡಿಯ ಹತ್ತಿರಕ್ಕೆ ಬೆಳೆಯಬಲ್ಲದು. ಹಾಗಾಗಿ ಕಾಯಿ ಎಣಿಸಿ ಪ್ರಯೋಜನವಿಲ್ಲ, ತೂಗಬೇಕು. ಮಧ್ಯಮ ಗಾತ್ರದ ಒಣ ಕಾಯಿ ಒಂದಕ್ಕೆ 6ರಿಂದ 9 ಗ್ರಾಂ ಬರುತ್ತದೆ. 100 ಗ್ರಾಂ ಅಂತ ನಿಗದಿ ಮಾಡಿಕೊಂಡದ್ದು ಸರಿಹೋಯಿತು.

ಆದರೂ ಆ ಸುತ್ತು ಕಹಿಯಾಯಿತು. ಕಾವಲಿ ಹೆಚ್ಚು ಕಾದಿತ್ತು. ಈ ಕಾಯಿಯ ಸಿಪ್ಪೆಯಲ್ಲಿ ಸಕ್ಕರೆಯ ಅಂಶ ಜಾಸ್ತಿ, ಬಲುಬೇಗ ಸೀಯುತ್ತದೆ. ಮೂಗಿಗೆ ಘಾಟು ಹೊಡೆಯುವ ಹೊತ್ತಿಗೆ ಕೆಟ್ಟಾಗಿದೆ ಅಂತಲೇ ಲೆಕ್ಕ. ಸೀದ ಕಹಿ ಸಕ್ಕರೆಗೂ ಬಗ್ಗುವುದಿಲ್ಲ, ಟೊಮೆಟೊಗೂ ಬಗ್ಗುವುದಿಲ್ಲ. ಎಸೆದು ಮತ್ತೆ ಶುರುಮಾಡುವುದೇ ಸರಿ.

ಮೂರನೇ ಸುತ್ತು, ಕಾರ್ಡಿಗೆ ಏರಿದ್ದು:

100 ಗ್ರಾಂ ಕಾಯಿಯ ತೊಟ್ಟು ಮುರಿದು, ಸೀಳಿ, ಬೀಜ ಕೊಡವಿ. ಸಣ್ಣ ಉರಿಯ ಕಾವಲಿಯಲ್ಲಿ ಒಂದೊಂದು ಬದಿ 10 ಸೆಕೆಂಡು ಒತ್ತಿ ಹಿಡಿಯಿರಿ. ಗರಿಗರಿಯಾಗಿದ್ದ ಕಾಯಿ ಚರ್ಮದ ಹಾಗೆ ಬಾಗಬೇಕು, ಒಣದ್ರಾಕ್ಷಿಯ ಪರಿಮಳ ಬರಬೇಕು, ಬಣ್ಣ ಒಂದು ಛಾಯೆಯಷ್ಟು ಗಾಢವಾಗಬೇಕು. ಕಪ್ಪು ಚುಕ್ಕೆ ಬೀಳಬಾರದು. ಬಿಸಿನೀರಲ್ಲಿ 20 ನಿಮಿಷ ನೆನೆಸಿ. ಕುದಿಯುವ ನೀರು ಬೇಡ. ನೆನೆದ ನೀರನ್ನು ಒಂದು ಚಮಚ ಕುಡಿದು ನೋಡಿ, ಕಹಿ ಇದ್ದರೆ ಚೆಲ್ಲಿ ಹೊಸ ನೀರು ತೆಗೆದುಕೊಳ್ಳಿ. ಕಾಯಿ, 3 ಎಸಳು ಬೆಳ್ಳುಳ್ಳಿ, 600 ಮಿಲಿ ನೀರು ಮಿಕ್ಸಿಗೆ ಹಾಕಿ ಪೂರ್ತಿ 2 ನಿಮಿಷ ರುಬ್ಬಿ, ಜರಡಿಯಲ್ಲಿ ಒತ್ತಿ ಸೋಸಿ. ಸೋಸದಿದ್ದರೆ ಸಿಪ್ಪೆಯ ಚೂರು ಗಂಟಲಿಗೆ ಅಂಟುತ್ತದೆ. ದಪ್ಪ ತಳದ ಪಾತ್ರೆಯಲ್ಲಿ 1 ಟೇಬಲ್ ಚಮಚ ಹಂದಿ ಕೊಬ್ಬು ಅಥವಾ ಎಣ್ಣೆ, ಅಷ್ಟೇ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, ರುಬ್ಬಿದ್ದನ್ನು ಸುರಿಯಿರಿ. ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಮುಕ್ಕಾಲು ಟೀ ಚಮಚ ಉಪ್ಪು, ಅಂಗೈಯಲ್ಲಿ ತಿಕ್ಕಿದ ಅರ್ಧ ಟೀ ಚಮಚ ಮೆಕ್ಸಿಕನ್ ಓರೆಗಾನೋ ಹಾಕಿ, ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಸೌಟಿನ ಬೆನ್ನಿಗೆ ಹತ್ತಿದ ಸಾಸಿನಲ್ಲಿ ಬೆರಳಿಂದ ಗೆರೆ ಎಳೆದರೆ ಅದು ಕೂಡಿಕೊಳ್ಳಬಾರದು; ಅದೇ ಹದ.

ಈ ಕಾರ್ಡಿಗೆ ಜೀರಿಗೆ, ಟೊಮೆಟೊ ಸೇರಿಸಬೇಡಿ. ಸೇರಿಸಿದರೆ ಕಾಯಿಯ ಸ್ವಂತ ರುಚಿ ಮುಚ್ಚಿಹೋಗುತ್ತದೆ, ಇಡೀ ಅಡುಗೆ ನಿಂತಿರುವುದೇ ಅದರ ಮೇಲೆ.

ಕರ್ನಾಟಕದಲ್ಲಿ ಮಾಡುವವರಿಗೆ ಹತ್ತಿರದ್ದು ಬ್ಯಾಡಗಿ. ಕಡ್ಡಿಗಿಂತ ಡಬ್ಬಿ ಒಳ್ಳೆಯದು: ಗಿಡ್ಡ, ದುಂಡು, ಬಣ್ಣ ಹೆಚ್ಚು. ಅದರ ಸಿಪ್ಪೆ ತೆಳು, ತಿರುಳು ಕಡಿಮೆ, ಹಾಗಾಗಿ ಅಷ್ಟೇ ತೂಕಕ್ಕೆ ಸಾಸು ನೀರಾಗುತ್ತದೆ; ನೀರನ್ನು 450 ಮಿಲಿಗೆ ಇಳಿಸಬೇಕು, ಹುರಿಯುವುದು ಇನ್ನೂ ಕಡಿಮೆ ಹೊತ್ತು. ಬಣ್ಣ ಅದ್ಭುತವಾಗಿ ಬರುತ್ತದೆ. ಹಣ್ಣಿನಂಥ ಸಿಹಿ ಮಾತ್ರ ಅಷ್ಟು ಬರುವುದಿಲ್ಲ. ರುಚಿಯಾದ ಸಾಸೇ, ಆದರೆ ಕಾರ್ಡಿನ ಮೇಲೆ ‘ಬ್ಯಾಡಗಿಯದು’ ಅಂತಲೇ ಬರೆಯಬೇಕು. ಮೆಕ್ಸಿಕನ್ ಓರೆಗಾನೋ ಪಿಜ್ಜಾದ ಓರೆಗಾನೋ ಅಲ್ಲ, ಕುಟುಂಬವೇ ಬೇರೆ. ಅದು ಸಿಗದಿದ್ದರೆ ದೊಡ್ಡಪತ್ರೆಯ ಒಂದು ಎಲೆ ಹೆಚ್ಚಿ ಹಾಕಿ. ಎರಡಾದರೆ ಕಷಾಯದ ವಾಸನೆ ಬರುತ್ತದೆ.

ಜೋಳ ಮತ್ತು ಸುಣ್ಣ

ಪೊಸೋಲೆ, ತೋರ್ತಿಯಾ (ಮೆಕ್ಕೆಜೋಳದ ತೆಳು ರೊಟ್ಟಿ) ಎರಡೂ ಕಾರ್ಡು ಇಲ್ಲಿಂದ ಹುಟ್ಟುತ್ತವೆ, ಆದರೆ ಈ ಹೆಜ್ಜೆ ಯಾವುದರಲ್ಲೂ ಬರೆದಿಲ್ಲ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಸುವುದು. ಅದಕ್ಕೆ ನಿಶ್ತಮಾಲ್ ಅಂತ ಹೆಸರು. ಸುಣ್ಣ ಹೊರಸಿಪ್ಪೆಯನ್ನು ಕರಗಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಜೋಳದಲ್ಲಿ ಬಂಧಿಯಾಗಿರುವ ನಯಾಸಿನ್ ಅನ್ನುವ ಜೀವಸತ್ವ ಮೈಗೆ ಹತ್ತುವಂತೆ ಮಾಡುತ್ತದೆ. ಗಿರಣಿಯಲ್ಲಿ ಬೀಸಿದ ಗೋವಿನಜೋಳದ ಹಿಟ್ಟಿನಲ್ಲಿ ತೋರ್ತಿಯಾ ಮಾಡಲು ಹೋದರೆ ಅಂಚೆಲ್ಲ ಬಿರಿದು ಮಡಚಿದಲ್ಲಿ ಮುರಿಯುವುದು ಈ ಕಾರಣಕ್ಕೇ. ಜೋಳದ ರೊಟ್ಟಿಗೆ ಕುದಿನೀರು ಹಾಕಿ ನಾದಿದಂತೆ ನಾದಿದರೆ ತಟ್ಟಲು ಬರುತ್ತದೆ, ಆದರೆ ತೋರ್ತಿಯಾದ ವಾಸನೆಯೂ ಬರುವುದಿಲ್ಲ, ಬಾಗುವಿಕೆಯೂ ಬರುವುದಿಲ್ಲ.

1 ಕಿಲೋ ಒಣ ಮೆಕ್ಕೆಜೋಳ, 3 ಲೀಟರ್ ನೀರು, 10 ಗ್ರಾಂ ಆಹಾರದರ್ಜೆಯ ಸುಣ್ಣದ ಪುಡಿ. ಅಮೆರಿಕದ ಮೆಕ್ಸಿಕನ್ ಅಂಗಡಿಯಲ್ಲಿ ‘ಕಾಲ್’ ಅಂತ ಕೇಳಿದರೆ ಕೊಡುತ್ತಾರೆ. ಎಲೆಗೆ ಹಚ್ಚುವ ಸುಣ್ಣ ಮೂಲತಃ ಅದೇ ವಸ್ತುವಾದರೂ ಅದರಲ್ಲಿ ನೀರಿನ ಪಾಲು ಎಷ್ಟೋ ಗೊತ್ತಿರುವುದಿಲ್ಲ, ಸುವಾಸನೆ ಬೇರೆ ಸೇರಿಸಿರಬಹುದು. 10 ಗ್ರಾಂ ತೂಗಿ ಉಪಯೋಗವಿಲ್ಲ. ಗೋಡೆಗೆ ಬಳಿಯುವ ಸುಣ್ಣ ಹತ್ತಿರಕ್ಕೂ ಬೇಡ. ಬಿತ್ತನೆ ಬೀಜದ ಪೊಟ್ಟಣದ ಜೋಳಕ್ಕೆ ಔಷಧ ಲೇಪಿಸಿರುತ್ತಾರೆ, ಅದೂ ಬೇಡ. ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆಯಬೇಕು.

ಪಾತ್ರೆ ಸ್ಟೀಲಿನದೇ ಆಗಬೇಕು. ಸುಣ್ಣದ ನೀರು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಪಾತ್ರೆ ಕಪ್ಪಾಗುತ್ತದೆ, ಲೋಹ ಜೋಳಕ್ಕಿಳಿಯುತ್ತದೆ. ಮನೆಯ ಕುಕ್ಕರ್ ಅಲ್ಯುಮಿನಿಯಮ್ಮಿನದಾದರೆ ಅದನ್ನು ಇದಕ್ಕೆ ಮುಟ್ಟಬೇಡಿ.

ತೋರ್ತಿಯಾಕ್ಕಾದರೆ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ನಮ್ಮ ಗಟ್ಟಿ ಹಳದಿ ಜೋಳಕ್ಕೆ 30 ನಿಮಿಷವೂ ಬೇಕಾಗಬಹುದು. ಒಂದು ಕಾಳನ್ನು ಉಗುರಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು, ಕಚ್ಚಿದರೆ ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿರಬೇಕು. ಒಲೆ ಆರಿಸಿ, ಮುಚ್ಚಿ, ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಎರಡು ನೀರಿನಲ್ಲಿ ತೊಳೆಯಿರಿ. ಸಿಪ್ಪೆ ಸ್ವಲ್ಪ ಉಳಿದರೆ ಒಳ್ಳೆಯದು, ಅಂಟು ಕೊಡುವುದು ಅದೇ.

ರುಬ್ಬಲು ನಮ್ಮ ಕಲ್ಲಿನ ವೆಟ್ ಗ್ರೈಂಡರ್ ಚೆನ್ನಾಗಿ ಒದಗುತ್ತದೆ. ಅಮೆರಿಕದಲ್ಲಿ ಮನೆಯಲ್ಲೇ ಮಾಸಾ (ನಿಶ್ತಮಾಲ್ ರುಬ್ಬಿದ ಕಣಕ) ಮಾಡುವ ಕೆಲವರು ಇದನ್ನೇ ತರಿಸಿಕೊಳ್ಳುತ್ತಾರೆ. ತೊಂದರೆ ಒಂದೇ: ಕಲ್ಲು ತಿರುಗಲು ನೀರು ಹೆಚ್ಚು ಬೇಕು, ಕಣಕ ಇಡ್ಲಿ ಹಿಟ್ಟಿನ ಕಡೆಗೆ ಜಾರುತ್ತದೆ. ಕಾಳನ್ನು ಹಿಡಿಹಿಡಿಯಾಗಿ, ನೀರನ್ನು ಚಮಚದ ಲೆಕ್ಕದಲ್ಲಿ ಹಾಕಬೇಕು. ಕೊನೆಗೆ ಒಣ ಮಾಸಾ ಹರೀನಾ (ಮಾಸಾವನ್ನು ಒಣಗಿಸಿ ಮಾಡಿದ ಹಿಟ್ಟು) ಸೇರಿಸಿ ಹದಕ್ಕೆ ತರಬೇಕು. ಬರೀ ಮಾಸಾ ಹರೀನಾದಲ್ಲೇ ಮಾಡುವುದಾದರೆ 240 ಗ್ರಾಂಗೆ ಸುಮಾರು 360 ಮಿಲಿ ಬಿಸಿನೀರು, ಅರ್ಧ ಟೀ ಚಮಚ ಉಪ್ಪು, ಅರ್ಧ ಗಂಟೆ ಮುಚ್ಚಿಡುವುದು.

35 ಗ್ರಾಂ ಉಂಡೆಯನ್ನು ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಬಿರಿದರೆ ನೀರು ಸಾಲದು. ಪ್ಲಾಸ್ಟಿಕ್ ಹಾಳೆಯಿಂದ ಬಿಡದೆ ಅಂಟಿಕೊಂಡರೆ ಹೆಚ್ಚಾಗಿದೆ. 15 ಸೆಂಟಿಮೀಟರಿಗೆ ಒತ್ತಿ, ಚೆನ್ನಾಗಿ ಕಾದ ಹೆಂಚಿನ ಮೇಲೆ ಮೊದಲ ಬದಿ 20 ಸೆಕೆಂಡು, ಎರಡನೆಯದು 45, ಮತ್ತೆ ತಿರುವಿದಾಗ ಉಬ್ಬಬೇಕು. ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಬಿಟ್ಟ ಮೇಲೇ ಮೆತ್ತಗಾಗುವುದು. ಹೆಂಚಿಂದ ತೆಗೆದ ಕೂಡಲೇ ಮಡಚಿ ‘ಮುರಿಯಿತು’ ಅಂತ ಬೇಸರಪಡಬೇಡಿ. ಕಾರ್ಡಿನ ಎಂಚಿಲಾಡಾ ಸುರುಳಿ ಸುತ್ತುವುದಲ್ಲ, ಪೇರಿಸುವುದು: ತೋರ್ತಿಯಾವನ್ನು ಬಿಸಿ ಎಣ್ಣೆಯಲ್ಲಿ ಕೆಲವೇ ಸೆಕೆಂಡು ಅದ್ದಿ, ಕೆಂಪು ಚಿಲೆಯಲ್ಲಿ ಮುಳುಗಿಸಿ, ಚೀಸು, ಈರುಳ್ಳಿ ಉದುರಿಸಿ, ಹೀಗೆ ಮೂರು ಪದರ, ಮೇಲೊಂದು ಹುರಿದ ಮೊಟ್ಟೆ. ಎಣ್ಣೆಯ ಹೆಜ್ಜೆ ಬಿಟ್ಟರೆ ತೋರ್ತಿಯಾ ಸಾಸು ಕುಡಿದು ಅಂಬಲಿಯಾಗುತ್ತದೆ.

ಪೊಸೋಲೆಗೆ 500 ಗ್ರಾಂ ಜೋಳ ಸಾಕು, ಸುಣ್ಣ 5 ಗ್ರಾಂ. ಸಿಪ್ಪೆ ಪೂರ್ತಿ ಬಿಡುವವರೆಗೆ ಬೇಯಿಸಿ, ಅಷ್ಟನ್ನೂ ತಿಕ್ಕಿ ತೊಳೆದು, ಕಾಳಿನ ಚೂಪು ತುದಿಯನ್ನು ಉಗುರಿಂದ ಚಿವುಟಿ ತೆಗೆಯಬೇಕು. ಬೇಸರದ ಕೆಲಸವೇ, ಆದರೆ ತುದಿ ತೆಗೆದರೇ ಕಾಳು ಹೂವಿನಂತೆ ಅರಳುವುದು. ಹೊಸ ನೀರು, 1 ಕಿಲೋ ಹಂದಿ ಭುಜದ ಮಾಂಸ, ಬೆಳ್ಳುಳ್ಳಿ, ಈರುಳ್ಳಿ ಜೊತೆ ಎರಡರಿಂದ ಮೂರು ಗಂಟೆ. ಅರಳಿದ ಮೇಲೆ ಉಪ್ಪು, ಒಂದು ಕಪ್ಪು ಕೆಂಪು ಚಿಲೆ. ಉಪ್ಪು ಮೊದಲೇ ಹಾಕಿದರೆ ನೀರು ಬತ್ತಿದಂತೆಲ್ಲ ಏರಿಬಿಡುತ್ತದೆ.

ಎತ್ತರದ ಲೆಕ್ಕ

ಪಿಂಟೋ ಬೀನ್ಸ್ ಕಾಳಿನ ಕಾರ್ಡಿನಲ್ಲಿ ‘ನಾಲ್ಕು ಗಂಟೆ’ ಅಂತ ಇರುವುದಕ್ಕೆ ಕಾರಣ ಕಾಳಲ್ಲ, ಊರು. ಸಾಂತಾ ಫೆ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಸುಮಾರು 97, ಮಂಗಳೂರಿನಲ್ಲಿ 100. ಕೆಳಗಿನ ಊರಲ್ಲಿ ಎರಡು ಗಂಟೆಗೇ ನೋಡಲು ಶುರುಮಾಡಬೇಕು. ಪಿಂಟೋ ಕಾಳಿಗೆ ನಮ್ಮಲ್ಲಿ ಹತ್ತಿರದ್ದು ಚಿತ್ರಾ ರಾಜ್ಮಾ. ಸ್ಲೋ ಕುಕ್ಕರ್‌ಗೆ ಹಾಕುವ ಮೊದಲು 10 ನಿಮಿಷ ಜೋರಾಗಿ ಕುದಿಸಲೇಬೇಕು, ಇಲ್ಲವಾದರೆ ಹಸಿಕಾಳಿನ ವಿಷಾಂಶ ಉಳಿದು ಹೊಟ್ಟೆ ಕೆಡುತ್ತದೆ. ಟೊಮೆಟೊ, ಚಿಲೆ ಎಲ್ಲ ಕಾಳು ಮೆತ್ತಗಾದ ಮೇಲೆ. ಹುಳಿ ಬಿದ್ದರೆ ಕಾಳು ಬೇಯದೆ ಹಠ ಹಿಡಿಯುತ್ತದೆ.

ಸೊಪೈಪಿಯಾ ಅನ್ನುವ ಪೂರಿಯಂಥ ಕರಿದ ತಿಂಡಿಗೂ ಎತ್ತರ ತಟ್ಟುತ್ತದೆ. ನೀಲಿ ಚಾನೆಲ್‌ನಲ್ಲಿ ಕಂಡ ‘ಒಂದೂವರೆ’ ಬೇಕಿಂಗ್ ಪೌಡರ್ ಸಾಂತಾ ಫೆಯ ತೆಳು ಗಾಳಿಗೆ ಹೊಂದಿಸಿದ್ದು. ಸಮುದ್ರಮಟ್ಟದಲ್ಲಿ 250 ಗ್ರಾಂ ಮೈದಾಕ್ಕೆ 2 ಟೀ ಚಮಚ ಬೇಕಾಯಿತು. ಉಪ್ಪು 1 ಟೀ ಚಮಚ, ಕೊಬ್ಬು 25 ಗ್ರಾಂ ಹಿಟ್ಟಿಗೆ ಉಜ್ಜಿ, ಉಗುರುಬೆಚ್ಚಗಿನ ನೀರು 150 ಮಿಲಿಯಿಂದ ಶುರುಮಾಡಿ ನೋಡಿಕೊಂಡು. 20 ನಿಮಿಷ ಬಿಟ್ಟು, 3 ಮಿಲಿಮೀಟರಿಗೆ ಲಟ್ಟಿಸಿ, 8 ಸೆಂಟಿಮೀಟರಿನ ಚೌಕ ಕತ್ತರಿಸಿ, 190 ಡಿಗ್ರಿ ಎಣ್ಣೆಗೆ ಬಿಡುವುದು. ಪೂರಿ ಬರುವವರಿಗೆ ಇದು ಸುಲಭ: ಬಿಟ್ಟ ಕೂಡಲೇ ಜಾಲರಿಯಿಂದ ಮೆಲ್ಲಗೆ ಅದುಮಿ, ಮೇಲೆ ಎಣ್ಣೆ ಹಾರಿಸಬೇಕು. ಉಬ್ಬದಿದ್ದರೆ ಒಂದೋ ಎಣ್ಣೆ ತಣ್ಣಗಿದೆ, ಇಲ್ಲವೇ ಕಣಕದ ಮೇಲ್ಮೈ ಒಣಗಿದೆ. ಚೂರುಗಳನ್ನು ಮತ್ತೆ ಉಂಡೆ ಮಾಡಿ ಲಟ್ಟಿಸಿದ್ದು ಒಂದೂ ಸರಿಯಾಗಿ ಉಬ್ಬಲಿಲ್ಲ. ಮೂಲೆ ಕಚ್ಚಿ, ಒಳಗೆ ಜೇನು ಸುರಿದು ತಿನ್ನುವುದು.

ಮಾಡಬಾರದ ಕಾರ್ಡು

ಹಸಿರು ಚಿಲೆ ಸುಟ್ಟು, ಸಿಪ್ಪೆ ಸುಲಿದು, ಗಾಜಿನ ಜಾಡಿಗೆ ತುಂಬಿ ‘ಕುದಿನೀರಲ್ಲಿ ಅರ್ಧ ಗಂಟೆ’ ಇಡಲು ಹೇಳುವ ಕಾರ್ಡು ಒಂದಿದೆ. ಅದನ್ನು ಹಾಗೆ ಮಾಡಲೇಬಾರದು. ಚಿಲೆಯಲ್ಲಿ ಹುಳಿ ಕಡಿಮೆ. ಬಾಟುಲಿಸಂ ಅನ್ನುವ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಕುದಿನೀರಿಗೆ ಸಾಯುವುದಿಲ್ಲ, ಗಾಳಿಯಿಲ್ಲದ ಜಾಡಿಯೊಳಗೆ ವಿಷ ಕಟ್ಟುತ್ತದೆ. ವಾಸನೆ, ಬಣ್ಣ ಏನೂ ಬದಲಾಗದೆ ಇರಬಹುದು. ಸಾಂತಾ ಫೆಯ 93 ಡಿಗ್ರಿಯ ಕುದಿಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಒತ್ತಡದ ಕ್ಯಾನರ್‌ನಲ್ಲಿ (ಜಾಡಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸುವ ಪಾತ್ರೆ), ಪರೀಕ್ಷಿಸಿ ಪ್ರಕಟಿಸಿದ ಕ್ರಮದಂತೆ ಮಾಡಬೇಕು, ಇಲ್ಲವೇ ಸುಟ್ಟ ಕಾಯನ್ನು ಸಿಪ್ಪೆ ಸಮೇತ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಬೇಕು. ಕರಗಿದಾಗ ಸಿಪ್ಪೆ ತಾನೇ ಜಾರುತ್ತದೆ.

ಆ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದುಹಾಕಿಲ್ಲ, ಅದರ ಮೇಲೆ ಗೀಚಿಯೂ ಇಲ್ಲ. ಕವಚದ ಹೊರಗೆ ಕೆಂಪು ಚೀಟಿ ಅಂಟಿಸಿದೆ: ‘ಓದಲು ಮಾತ್ರ. ಹಸಿರು ಚಿಲೆ ಫ್ರೀಜರ್‌ಗೆ.’ ಉಳಿದ ಕಾರ್ಡುಗಳ ಬೆನ್ನಿಗೆ ಗ್ರಾಂ ಲೆಕ್ಕದ ಹೊಸ ಕಾರ್ಡು, ಅದರ ಮೂಲೆಯಲ್ಲಿ ಪರೀಕ್ಷೆ ಮಾಡಿದ ಊರಿನ ಎತ್ತರ, ಮೆಣಸಿನಕಾಯಿಯ ತಳಿ.